ಮೂರ್ಛೆ: ನರಕೋಶಗಳು ಕಲಿತ ತಪ್ಪು ಪಾಠ

ನಮ್ಮ ಅನೇಕ ಊರುಗಳಲ್ಲಿ ಇಂದಿಗೂ ಹೀಗೆ ನಡೆಯುತ್ತದೆ. ಒಂದು ಮಗುವಿಗೆ ಫಿಟ್ಸ್ ಬರುತ್ತದೆ. ಸುತ್ತಲಿದ್ದವರು ಓಡಿಬಂದು ಅದರ ಕೈಗೆ ಬೀಗದ ಕೈ ಕೊಡುತ್ತಾರೆ. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರೆ, ಇನ್ನೊಬ್ಬರು ಚಪ್ಪಲಿ ಮೂಸಿಸುತ್ತಾರೆ. ಮರುದಿನ ಯಂತ್ರ ಕಟ್ಟಿಸಲು ಕರೆದೊಯ್ಯುತ್ತಾರೆ. ಕೊನೆಗೆ "ಓದಿದರೆ ತಲೆಗೆ ಭಾರವಾಗುತ್ತದೆ, ಮನೆಯಲ್ಲೇ ಇರಲಿ" ಎಂದು ಶಾಲೆಯನ್ನೂ ಬಿಡಿಸುತ್ತಾರೆ. ತರಗತಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ.

ಇದು ತಪ್ಪು ಎಂಬುದು ನನ್ನ ಅಭಿಪ್ರಾಯ. ಆ ಮಗುವಿನ ಮೇಲೆ ಕನಿಕರಪಟ್ಟು ಮಾತ್ರ ಈ ಮಾತು ಹೇಳುತ್ತಿಲ್ಲ. ಮೂರ್ಛೆ ಬರುವಾಗ ಮಿದುಳಿನ ನರಕೋಶಗಳಲ್ಲಿ ಏನಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಇಂದು ಅಣುಗಳ ಮಟ್ಟದವರೆಗೆ ನೋಡಿದ್ದಾರೆ. ಅದನ್ನು ತಿಳಿದುಕೊಂಡರೆ, ಆ ಮಗುವನ್ನು ಶಾಲೆ ಬಿಡಿಸಲು ಒಂದು ಕಾರಣವೂ ಸಿಗುವುದಿಲ್ಲ. ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಆಮೇಲೆ ನೀವೇ ಯೋಚಿಸಿ.

ಹೆಸರು ಹಳೆಯದು, ಕಾಯಿಲೆಯೂ ಹಳೆಯದು

ಮೂರ್ಛೆ ರೋಗಕ್ಕೆ ಅಪಸ್ಮಾರ ಎಂಬ ಹೆಸರೂ ಇದೆ. ಸ್ಮರಣೆ ತಪ್ಪುವುದು ಎಂದು ಅದರ ಅರ್ಥ. ಚರಕ ಸಂಹಿತೆಯಲ್ಲಿ ಇದನ್ನು ಒಂದು ರೋಗವೆಂದೇ ವಿವರಿಸಲಾಗಿದೆ. ಸುಮಾರು 2400 ವರ್ಷಗಳ ಹಿಂದೆ ಗ್ರೀಸ್ ದೇಶದಲ್ಲಿ ಜನರು ಇದನ್ನು ದೇವರು ಕೊಡುವ ಕಾಯಿಲೆ ಎಂದು ನಂಬಿದ್ದರು. ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಉಳಿದುಬಂದಿರುವ ಒಂದು ಗ್ರಂಥ ಆ ನಂಬಿಕೆಯನ್ನು ಒಪ್ಪಲಿಲ್ಲ. ಬೇರೆ ಕಾಯಿಲೆಗಳಂತೆ ಇದಕ್ಕೂ ಸಹಜವಾದ ಕಾರಣವಿದೆ, ಆ ಕಾರಣ ಮಿದುಳಿನಲ್ಲಿದೆ ಎಂದು ಅದು ವಾದಿಸಿತು.

ಮಿದುಳಿನ ಒಳಗೆ ಏನಾಗುತ್ತದೆ ಎಂದು ತಿಳಿಯಲು ಮಾತ್ರ ಬಹಳ ಕಾಲ ಹಿಡಿಯಿತು. 1873ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್, ಮಿದುಳಿನ ಬೂದು ಭಾಗದಲ್ಲಿ ಹಠಾತ್ತನೆ ಅತಿಯಾದ ಚಟುವಟಿಕೆ ಉಂಟಾಗುವುದರಿಂದಲೇ ಮೂರ್ಛೆ ಬರುತ್ತದೆ ಎಂದು ಹೇಳಿದರು. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. ಇಂದು ಆಸ್ಪತ್ರೆಗಳಲ್ಲಿ ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಇಇಜಿ ಪರೀಕ್ಷೆ ಬೆಳೆದದ್ದು ಅಲ್ಲಿಂದಲೇ. ಆ ಪರೀಕ್ಷೆಯಿಂದ ನೋವಾಗುವುದಿಲ್ಲ. ಅದು ತಲೆಗೆ ವಿದ್ಯುತ್ ಹಾಯಿಸುವುದಿಲ್ಲ. ಮಿದುಳಿನಲ್ಲಿ ಮೊದಲೇ ಇರುವ ವಿದ್ಯುತ್ತನ್ನು ಅಳೆಯುತ್ತದೆ, ಅಷ್ಟೆ.

ಮಿದುಳಿನಲ್ಲಿ ವಿದ್ಯುತ್ತೆ? ಅದು ಎಲ್ಲಿಂದ ಬಂತು?

ಉಪ್ಪುನೀರಿನ ಪುಟ್ಟ ಬ್ಯಾಟರಿ

ನಮ್ಮ ಮಿದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಪ್ರತಿಯೊಂದು ನರಕೋಶವೂ ಒಂದು ಪುಟ್ಟ ಬ್ಯಾಟರಿ ಇದ್ದಂತೆ. ಅದರ ಒಳಗೂ ಹೊರಗೂ ಇರುವುದು ಉಪ್ಪು ಕರಗಿದ ನೀರು. ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಂಶವಿರುವ ಕಣಗಳಾಗಿ ಒಡೆಯುತ್ತದೆ. ಇವುಗಳಿಗೆ ಅಯಾನುಗಳು ಎಂದು ಹೆಸರು. ನರಕೋಶದ ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು, ಒಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು. ಈ ವ್ಯತ್ಯಾಸದಿಂದಾಗಿ ಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ನಿಮ್ಮ ಮನೆಯ ಟಾರ್ಚಿನ ಒಂದು ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದೆ. ನರಕೋಶದಲ್ಲಿರುವುದು ಅದರ ಇಪ್ಪತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲೇ ನೀವು ನೋಡುತ್ತೀರಿ, ನಗುತ್ತೀರಿ, ಮಗ್ಗಿ ಹೇಳುತ್ತೀರಿ!

ನರಕೋಶದ ಗೋಡೆಯಲ್ಲಿ ಪ್ರೋಟೀನುಗಳಿಂದಾದ ಸಣ್ಣ ಬಾಗಿಲುಗಳಿವೆ. ಕೆರೆಯ ತೂಬು ಗೊತ್ತಲ್ಲವೆ? ತೂಬು ಎತ್ತಿದರೆ ನೀರು ಹರಿಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಇವೂ ಹಾಗೆಯೇ. ಸೋಡಿಯಂ ತೂಬು ತೆರೆದರೆ ಸೋಡಿಯಂ ಒಳನುಗ್ಗುತ್ತದೆ, ಕೋಶದಲ್ಲಿ ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ. ಮರುಕ್ಷಣವೇ ಆ ತೂಬು ಮುಚ್ಚಿಕೊಳ್ಳುತ್ತದೆ. ಪೊಟ್ಯಾಸಿಯಂ ತೂಬು ತೆರೆದು, ಪೊಟ್ಯಾಸಿಯಂ ಹೊರಹರಿದು, ಕೋಶ ಮತ್ತೆ ಶಾಂತವಾಗುತ್ತದೆ. ಇಷ್ಟೂ ನಡೆಯಲು ಒಂದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಹೊತ್ತು ಸಾಕು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದ ಮೇಲೆ ಪ್ರಯೋಗ ಮಾಡಿ 1952ರಲ್ಲಿ ಇದನ್ನು ವಿವರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

'ಖೋ' ಎನ್ನುವ ಅಣು, 'ಸಾಕು' ಎನ್ನುವ ಅಣು

ನೀವು ಖೋ ಖೋ ಆಡುತ್ತೀರಿ. ಓಡುವವನು ಕುಳಿತವನ ಬೆನ್ನು ತಟ್ಟಿ 'ಖೋ' ಎಂದರೆ ಮಾತ್ರ ಅವನು ಏಳಬೇಕು. ನರಕೋಶಗಳೂ ಹೀಗೆಯೇ ಸುದ್ದಿ ದಾಟಿಸುತ್ತವೆ. ಎರಡು ನರಕೋಶಗಳು ಸೇರುವ ಜಾಗದಲ್ಲಿ ಅತಿ ಸಣ್ಣ ಸಂದಿಯಿರುತ್ತದೆ. ಇದಕ್ಕೆ ಸಿನಾಪ್ಸ್ ಎಂದು ಹೆಸರು. ಮೊದಲ ಕೋಶ ಆ ಸಂದಿಗೆ ಒಂದು ರಾಸಾಯನಿಕವನ್ನು ಸುರಿಯುತ್ತದೆ. ಆಚೆಯ ಕೋಶದಲ್ಲಿ ಅದನ್ನು ಹಿಡಿಯುವ ಪ್ರೋಟೀನುಗಳಿವೆ. ಇವು ಗ್ರಾಹಕಗಳು.

ಗ್ಲುಟಮೇಟ್ ಎಂಬ ಅಣು 'ಖೋ' ಎನ್ನುತ್ತದೆ, ಅಂದರೆ ಮುಂದಿನ ಕೋಶವನ್ನು ಎಬ್ಬಿಸುತ್ತದೆ. ಗಾಬಾ ಎಂಬ ಅಣು 'ಸಾಕು' ಎನ್ನುತ್ತದೆ. ಅದು ಕ್ಲೋರೈಡ್ ಅಯಾನುಗಳ ತೂಬನ್ನು ತೆರೆಯುತ್ತದೆ. ಋಣ ವಿದ್ಯುದಂಶವಿರುವ ಕ್ಲೋರೈಡ್ ಒಳಬಂದಾಗ ಕೋಶ ಇನ್ನಷ್ಟು ಶಾಂತವಾಗುತ್ತದೆ. ಬಸ್ಸಿಗೆ ಆಕ್ಸಿಲರೇಟರ್ ಮತ್ತು ಬ್ರೇಕ್ ಎರಡೂ ಬೇಕಾದಂತೆ ಮಿದುಳಿಗೆ ಗ್ಲುಟಮೇಟೂ ಬೇಕು, ಗಾಬಾವೂ ಬೇಕು.

ಈ ಎರಡರ ತೂಕ ತಪ್ಪಿದರೆ? ಒಂದು ಗುಂಪಿನ ಸಾವಿರಾರು ನರಕೋಶಗಳು ಒಟ್ಟಿಗೇ ಮಿಡಿಯತೊಡಗುತ್ತವೆ. ಖೋ ಖೋ ಅಂಕಣದಲ್ಲಿ ಕುಳಿತವರೆಲ್ಲ ಒಮ್ಮೆಗೇ ಎದ್ದು ಓಡಿದರೆ ಆಟ ಆಗುತ್ತದೆಯೆ? ಹಾಗೆಯೇ ಮಿದುಳಿನ ಕೆಲಸವೂ ಅಷ್ಟು ಹೊತ್ತು ಕೆಡುತ್ತದೆ. ಇದೇ ಫಿಟ್ಸ್. ಕೈಕಾಲು ಆಡಿಸುವ ಭಾಗದಲ್ಲಿ ಹೀಗಾದರೆ ಕೈಕಾಲು ಅದುರುತ್ತವೆ. ಇಡೀ ಮಿದುಳಿಗೆ ಹರಡಿದರೆ ಎಚ್ಚರ ತಪ್ಪುತ್ತದೆ. ಕೆಲವು ಮಕ್ಕಳು ಬೀಳುವುದೇ ಇಲ್ಲ. ಕೆಲವು ಸೆಕೆಂಡು ಎಲ್ಲಿಯೋ ನೋಡುತ್ತ ಸುಮ್ಮನಾಗಿಬಿಡುತ್ತಾರೆ. ಪಾಠದ ಕಡೆ ಗಮನವಿಲ್ಲ ಎಂದು ಅವರು ಬೈಸಿಕೊಳ್ಳುವುದೂ ಉಂಟು. ಅದೂ ಒಂದು ಬಗೆಯ ಫಿಟ್ಸ್ ಆಗಿರಬಹುದು.

ಕಲಿಯುವ ಕೋಶಗಳು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನರಕೋಶ ಒಮ್ಮೆ ಕಟ್ಟಿ ಮುಗಿಸಿದ ಯಂತ್ರವಲ್ಲ. ಅದು ತನ್ನನ್ನು ತಾನೇ ಬದಲಾಯಿಸಿಕೊಳ್ಳುತ್ತ ಇರುತ್ತದೆ. ಹೊಲದಲ್ಲಿ ಜನ ಓಡಾಡಿ ಓಡಾಡಿ ಕಾಲುದಾರಿ ಮೂಡುವ ಹಾಗೆ, ಹೆಚ್ಚು ಬಳಸಿದ ಸಿನಾಪ್ಸ್ ಬಲವಾಗುತ್ತದೆ. ಮೊಲದ ಮಿದುಳಿನ ಒಂದು ನರಮಾರ್ಗವನ್ನು ವೇಗವಾಗಿ ಉತ್ತೇಜಿಸಿದರೆ, ಅಲ್ಲಿನ ಸಿನಾಪ್ಸ್‌ಗಳು ಆಮೇಲೆ ಗಂಟೆಗಟ್ಟಲೆ ಬಲವಾಗಿಯೇ ಉಳಿಯುತ್ತವೆ ಎಂದು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ 1973ರಲ್ಲಿ ಪ್ರಕಟಿಸಿದರು. ಅಲ್ಲಿ ಆಗುವುದೇನು? ಕೋಶದೊಳಗೆ ಕ್ಯಾಲ್ಸಿಯಂ ಹರಿಯುತ್ತದೆ. ಅದು ಕಿಣ್ವಗಳನ್ನು ಎಬ್ಬಿಸುತ್ತದೆ. ಗ್ಲುಟಮೇಟನ್ನು ಹಿಡಿಯುವ ಹೆಚ್ಚು ಗ್ರಾಹಕಗಳು ಸಿನಾಪ್ಸ್‌ಗೆ ಬಂದು ಕೂರುತ್ತವೆ. ಮುಂದಿನ ಬಾರಿ ಸಣ್ಣ 'ಖೋ' ಕೂಡ ಜೋರಾಗಿ ಕೇಳಿಸುತ್ತದೆ. ನೀವು ಪದ್ಯ ಬಾಯಿಪಾಠ ಮಾಡುವಾಗ, ಸೈಕಲ್ ಕಲಿಯುವಾಗ ನಿಮ್ಮ ಮಿದುಳಿನಲ್ಲಿ ಆಗುವ ಬದಲಾವಣೆ ಇದೇ ಬಗೆಯದು.

ಇದಕ್ಕೂ ಮೂರ್ಛೆಗೂ ಏನು ಸಂಬಂಧ? 1960ರ ದಶಕದಲ್ಲಿ ಕೆನಡಾದಲ್ಲಿ ಗ್ರಹಾಂ ಗಾಡರ್ಡ್ ಎಂಬ ವಿಜ್ಞಾನಿ ಇಲಿಗಳ ಕಲಿಕೆಯ ಬಗ್ಗೆ ಪ್ರಯೋಗ ಮಾಡುತ್ತಿದ್ದರು. ಮಿದುಳಿನ ಒಂದು ಜಾಗಕ್ಕೆ ದಿನವೂ ತೀರ ಸಣ್ಣ ವಿದ್ಯುತ್ ಕೊಡುತ್ತಿದ್ದರು. ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ದಿನ ಕಳೆದಂತೆ ಅಷ್ಟೇ ವಿದ್ಯುತ್ತಿಗೆ ಇಲಿಗಳಿಗೆ ಫಿಟ್ಸ್ ಬರತೊಡಗಿತು! ಪುಳ್ಳೆಗಳಿಗೆ ಕಿಡಿ ತಾಗಿಸಿ ಒಲೆ ಹೊತ್ತಿಸುವ ಹಾಗೆ ಎಂದು ಇದಕ್ಕೆ ಕಿಂಡ್ಲಿಂಗ್ ಎಂದು ಹೆಸರಿಟ್ಟರು. ಇಲಿಯ ಮಿದುಳು ಮೂರ್ಛೆ ಹೋಗುವುದನ್ನು ಕಲಿತುಬಿಟ್ಟಿತ್ತು.

ನರಕೋಶದೊಳಗಿನ ಮೂರು ಬದಲಾವಣೆಗಳು

ಫಿಟ್ಸ್ ಬಂದಾಗ, ಬಂದು ಹೋದ ಮೇಲೆ ನರಕೋಶಗಳಲ್ಲಿ ಏನೇನು ಬದಲಾಗುತ್ತದೆ? ಗೊತ್ತಿರುವುದರಲ್ಲಿ ಮೂರನ್ನು ಹೇಳುತ್ತೇನೆ.

ಮೊದಲನೆಯದು ಜೀನ್‌ಗಳ ಎಚ್ಚರ. ನರಕೋಶದ ನಡುವೆ ಇರುವ ಕೋಶಕೇಂದ್ರದಲ್ಲಿ ಪ್ರೋಟೀನು ತಯಾರಿಸುವ ಸೂಚನೆಗಳಿವೆ. ಪ್ರಯೋಗದ ಪ್ರಾಣಿಗಳಿಗೆ ಫಿಟ್ಸ್ ಬಂದ ಸ್ವಲ್ಪ ಹೊತ್ತಿನಲ್ಲೇ ಅವುಗಳ ನರಕೋಶಗಳಲ್ಲಿ ಫಾಸ್ ಎಂಬ ಜೀನ್ ಚುರುಕಾಗುವುದನ್ನು 1987ರಲ್ಲಿ ವಿಜ್ಞಾನಿಗಳು ಕಂಡರು. ಫಾಸ್ ಬೇರೆ ಜೀನ್‌ಗಳನ್ನು ಎಬ್ಬಿಸುತ್ತದೆ. ಹೀಗೆ ಕೆಲವು ನಿಮಿಷದ ಘಟನೆ ಕೆಲವು ದಿನಗಳ ಕೆಲಸವಾಗಿ ಮುಂದುವರಿಯುತ್ತದೆ. ಹೊಸ ಗ್ರಾಹಕಗಳು, ಹೊಸ ತೂಬುಗಳು ತಯಾರಾಗುತ್ತವೆ. ಕೆಲವು ಕಡಿಮೆಯಾಗುತ್ತವೆ.

ಎರಡನೆಯದು ಬ್ರೇಕ್ ಸಡಿಲವಾಗುವುದು. ಕ್ಲೋರೈಡ್ ಒಳಬಂದರೆ ಕೋಶ ಶಾಂತವಾಗುತ್ತದೆ ಎಂದೆನಲ್ಲ, ಹಾಗಾಗಲು ಒಳಗೆ ಕ್ಲೋರೈಡ್ ಕಡಿಮೆ ಇರಬೇಕು. ಅದನ್ನು ಹೊರಹಾಕಲು ಕೆಸಿಸಿ2 ಎಂಬ ಪ್ರೋಟೀನು ಪಂಪಿನಂತೆ ದುಡಿಯುತ್ತಿರುತ್ತದೆ. ಪಂಪು ಕಡಿಮೆಯಾದರೆ ಕ್ಲೋರೈಡ್ ಒಳಗೇ ತುಂಬಿಕೊಳ್ಳುತ್ತದೆ. ಆಗ ಗಾಬಾ ತೂಬು ತೆರೆದರೂ ಕ್ಲೋರೈಡ್ ಒಳಬರುವುದಿಲ್ಲ, ಹೊರಗೇ ಹರಿಯಬಹುದು. 'ಸಾಕು' ಎಂಬ ಮಾತು ಕೋಶಕ್ಕೆ 'ಖೋ' ಎಂದು ಕೇಳಿಸುತ್ತದೆ! ಔಷಧಿಗೆ ಬಗ್ಗದ ಮೂರ್ಛೆಗಾಗಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಮಿದುಳಿನ ತುಣುಕುಗಳನ್ನು ಪ್ಯಾರಿಸ್ಸಿನ ವಿಜ್ಞಾನಿಗಳು ಪರೀಕ್ಷಿಸಿದರು. ಕೆಲವು ನರಕೋಶಗಳಲ್ಲಿ ಹೀಗೇ ಆಗುತ್ತಿದ್ದುದನ್ನು 2002ರಲ್ಲಿ ಪ್ರಕಟಿಸಿದರು.

ಮೂರನೆಯದು ಹೊಸ ಕವಲುಗಳು. ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ದೀರ್ಘಕಾಲ ಮೂರ್ಛೆಯಿರುವ ಕೆಲವರಲ್ಲಿ, ಆ ಭಾಗದ ನರಕೋಶಗಳು ಹೊಸ ಕವಲುಗಳನ್ನು ಚಾಚಿ ತಮ್ಮ ನೆರೆಯ ಕೋಶಗಳಿಗೇ ಸುದ್ದಿ ಕಳಿಸತೊಡಗುತ್ತವೆ. ಗದ್ದೆಗೆ ಹೋಗಬೇಕಾದ ಕಾಲುವೆ ತಿರುಗಿ ಕೆರೆಗೇ ಬಂದಂತೆ.

ನರಕೋಶಗಳು ಸುಮ್ಮನೆ ಸೋಲುವುದಿಲ್ಲ ಎಂಬುದನ್ನೂ ನೀವು ತಿಳಿಯಬೇಕು. ಫಿಟ್ಸ್ ಬಂದಾಗ ಮಿದುಳಿನಲ್ಲಿ ಅಡಿನೋಸಿನ್ ಎಂಬ ಅಣು ಹೆಚ್ಚಾಗಿ, ಆ ಉದ್ರೇಕವನ್ನು ತಗ್ಗಿಸುತ್ತದೆ. ಬಹುತೇಕ ಫಿಟ್ಸ್ ಎರಡು ಮೂರು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ಅದಕ್ಕೆ ಇದೂ ಒಂದು ಕಾರಣ. ಬೀಗದ ಕೈ ಹಿಡಿಸಿದಾಗ ನಿಂತಿತು ಎಂದು ಜನ ನಂಬುತ್ತಾರೆ. ನಿಲ್ಲಿಸಿದ್ದು ಮಿದುಳೇ. ಅಷ್ಟೇ ಅಲ್ಲ, ಚಟುವಟಿಕೆ ಅತಿಯಾದಾಗ ನರಕೋಶಗಳು ತಮ್ಮ ಗ್ರಾಹಕಗಳನ್ನು ಕಡಿಮೆ ಮಾಡಿಕೊಂಡು ಸಮತೋಲಕ್ಕೆ ಮರಳಲು ಯತ್ನಿಸುತ್ತವೆ ಎಂದು ಅಮೆರಿಕದ ಜೀನಾ ಟುರಿಜಿಯಾನೊ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದರು. ಅಂದರೆ ತಪ್ಪು ಪಾಠ ಕಲಿಯುವ ಶಕ್ತಿ ಇರುವಲ್ಲೇ ತಿದ್ದಿಕೊಳ್ಳುವ ಶಕ್ತಿಯೂ ಇದೆ.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೆಯೇ ಆಗುತ್ತದೆ ಎಂದು ಹೇಳುವಂತಿಲ್ಲ. ಎಷ್ಟೋ ಮಕ್ಕಳಲ್ಲಿ ವಯಸ್ಸು ಬೆಳೆದಂತೆ ಫಿಟ್ಸ್ ನಿಂತುಹೋಗುತ್ತದೆ. ಆದ್ದರಿಂದ ಯಾರೂ ಹೆದರಬೇಕಾಗಿಲ್ಲ. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ನಮ್ಮ ಸೀಮೆಯ ಬಿಸಿನೀರಿನ ಮೂರ್ಛೆ

ಇದು ದೂರದ ದೇಶಗಳ ಕತೆ ಮಾತ್ರವಲ್ಲ. ತಲೆಗೆ ಬಿಸಿ ಬಿಸಿ ನೀರು ಸುರಿದುಕೊಳ್ಳುವಾಗ ಬರುವ ಒಂದು ಬಗೆಯ ಮೂರ್ಛೆಯಿದೆ. ಪ್ರಪಂಚದ ಬೇರೆ ಕಡೆ ಇದು ಬಹಳ ಅಪರೂಪ. ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಹುಡುಗರಲ್ಲಿ ಹೆಚ್ಚಾಗಿ ಕಾಣುತ್ತದೆ. ಹಂಡೆಯಲ್ಲಿ ನೀರು ಕಾಯಿಸಿ, ಚೊಂಬಿನಿಂದ ನೆತ್ತಿಗೆ ಬೇಗ ಬೇಗ ಹೊಯ್ಯುವುದು ನಮ್ಮ ರೂಢಿಯಲ್ಲವೆ? ಹಾಗೆ ನೆತ್ತಿಗೆ ಬಿಸಿನೀರು ಬಿದ್ದಾಗ ಕೆಲವರ ಮಿದುಳು ಉದ್ರೇಕಗೊಳ್ಳುತ್ತದೆ. ಅವರಲ್ಲಿ ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಬರುವುದುಂಟು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. 1990ರ ದಶಕದಲ್ಲಿ ಇಲಿಗಳಲ್ಲೂ ಬಿಸಿನೀರಿನ ಫಿಟ್ಸ್ ಬರುವುದನ್ನು ಪ್ರಯೋಗದಿಂದ ತೋರಿಸಿದರು. ಇದು ಕೆಲವು ಕುಟುಂಬಗಳಲ್ಲಿ ಹಲವರಿಗೆ ಇರುವುದರಿಂದ ಜೀನ್‌ಗಳ ಹುಡುಕಾಟವೂ ನಡೆಯಿತು. 2017ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್ ವಿಜ್ಞಾನಿಗಳು, ಇಂಥ ಕೆಲವರಲ್ಲಿ ಎಸ್ಎಲ್‌ಸಿ1ಎ1 ಎಂಬ ಜೀನಿನಲ್ಲಿ ಅಪರೂಪದ ಬದಲಾವಣೆಗಳಿರುವುದನ್ನು ಪ್ರಕಟಿಸಿದರು. ಆ ಜೀನ್ ಮಾಡುವ ಕೆಲಸವೇನು ಗೊತ್ತೆ? ಗ್ಲುಟಮೇಟನ್ನು ಕೋಶದೊಳಕ್ಕೆ ಎಳೆದುಕೊಳ್ಳುವ ಪಂಪನ್ನು ತಯಾರಿಸುವುದು. 'ಖೋ' ಎಂದ ಅಣುವನ್ನು ಸಮಯಕ್ಕೆ ಸರಿಯಾಗಿ ಎತ್ತಿಡುವ ಕೆಲಸ ಅದು.

ಇದರ ಪರಿಹಾರ ಬಹುಮಟ್ಟಿಗೆ ನಮ್ಮ ಬಚ್ಚಲಲ್ಲೇ ಇದೆ. ನೀರು ಹದವಾಗಿ ಬೆಚ್ಚಗಿದ್ದರೆ ಸಾಕು. ವೈದ್ಯರನ್ನೂ ಕಾಣಬೇಕು. ಮಂತ್ರವಾದಿಯ ಮನೆಗೆ ಹೋಗುವ ಬಸ್ ಚಾರ್ಜೂ ಉಳಿಯುತ್ತದೆ.

ಗುಳಿಗೆ ಏನು ಮಾಡುತ್ತದೆ?

ಮೂರ್ಛೆಯ ಗುಳಿಗೆಗಳು ಇದೇ ತೂಬುಗಳ ಮೇಲೆ ಕೆಲಸ ಮಾಡುತ್ತವೆ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್, ಗಾಬಾ ತೆರೆದ ಕ್ಲೋರೈಡ್ ತೂಬನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. 1938ರಲ್ಲಿ ಬಂದ ಫಿನಿಟಾಯಿನ್, ಅತಿಯಾಗಿ ಮಿಡಿಯುತ್ತಿರುವ ಕೋಶಗಳ ಸೋಡಿಯಂ ತೂಬುಗಳನ್ನು ಮತ್ತೆ ತೆರೆಯಲು ತಡಮಾಡುತ್ತದೆ. ಎಲ್ಲರಿಗೂ ಒಂದೇ ಗುಳಿಗೆ ಆಗುವುದಿಲ್ಲ. ಡ್ರಾವೆ ಸಿಂಡ್ರೋಮ್ ಎಂಬ ಅಪರೂಪದ ಮೂರ್ಛೆಯಲ್ಲಿ, ಶಾಂತಗೊಳಿಸುವ ನರಕೋಶಗಳ ಸೋಡಿಯಂ ತೂಬೇ ದುರ್ಬಲವಾಗಿರುತ್ತದೆ. ಅಲ್ಲಿ ಸೋಡಿಯಂ ತೂಬನ್ನು ತಡೆಯುವ ಗುಳಿಗೆ ಕೊಟ್ಟರೆ ಫಿಟ್ಸ್ ಹೆಚ್ಚಾಗಬಹುದು. ಆದ್ದರಿಂದ ಪಕ್ಕದ ಮನೆಯವರ ಗುಳಿಗೆಯನ್ನು ತಂದು ನುಂಗಿಸುವುದು ಅಪಾಯ.

ಗುಳಿಗೆ ದಿನವೂ ನುಂಗಬೇಕು ಏಕೆ? ನರಕೋಶಗಳು ಗುಳಿಗೆ ಇರುವ ಸ್ಥಿತಿಗೆ ಹೊಂದಿಕೊಂಡಿರುತ್ತವೆ. ಥಟ್ಟನೆ ಬಿಟ್ಟರೆ ತಡೆ ಕಿತ್ತುಹೋಗಿ ಮೊದಲಿಗಿಂತ ಜೋರಾದ ಫಿಟ್ಸ್ ಬರಬಹುದು. ಸಾಮಾನ್ಯವಾಗಿ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಫಿಟ್ಸ್ ಬಾರದಿದ್ದರೆ ಮಾತ್ರ ವೈದ್ಯರು ಯೋಚಿಸಿ, ಮೆಲ್ಲಗೆ ಕಡಿಮೆ ಮಾಡುತ್ತಾರೆ. 'ವಾಸಿಯಾಯಿತಲ್ಲ' ಎಂದು ನಾವೇ ನಿಲ್ಲಿಸಬಾರದು.

ಹಳ್ಳಿಗಳಲ್ಲಿ ಇದೆಲ್ಲ ಸಾಧ್ಯವೆ ಎನ್ನುವವರಿಗೆ ಉತ್ತರ ನಮ್ಮಲ್ಲೇ ಇದೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಹಳ್ಳಿಯ ಜನರಿಗೆ ಇದೇ ಹಳೆಯ, ಅಗ್ಗದ ಎರಡು ಗುಳಿಗೆಗಳನ್ನು ಕೊಟ್ಟು ವರ್ಷಗಳ ಕಾಲ ನೋಡಿಕೊಂಡರು. ಅವುಗಳಿಂದಲೂ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು 2001ರಲ್ಲಿ ವರದಿ ಪ್ರಕಟಿಸಿದರು. ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬಾಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಶಾಲೆ ಬಿಡಿಸುವುದು ಏಕೆ ತಪ್ಪು?

ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನಿಮ್ಹಾನ್ಸ್ ವೈದ್ಯರು ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. 1000 ಜನರಲ್ಲಿ ಸುಮಾರು 9 ಮಂದಿಗೆ ಮೂರ್ಛೆ ಇತ್ತು. ನಗರಕ್ಕಿಂತ ಹಳ್ಳಿಗಳಲ್ಲಿ ಸುಮಾರು ಎರಡರಷ್ಟು. ಹಾಗಾದರೆ ನಮ್ಮ ಹಳ್ಳಿಯ ಶಾಲೆಗಳಲ್ಲಿ ಇಂಥ ಮಕ್ಕಳು ಇದ್ದೇ ಇರುತ್ತಾರೆ. ಅವರೆಲ್ಲರನ್ನೂ ಮನೆಯಲ್ಲಿ ಕೂರಿಸುವುದೆ?

ಓದಿದರೆ ತಲೆಗೆ ಭಾರ ಎನ್ನುತ್ತಾರೆ. ಆದರೆ ನಾವು ಈಗಾಗಲೇ ನೋಡಿದಂತೆ ಕಲಿಕೆ ಎಂಬುದು ನರಕೋಶಗಳ ನಿತ್ಯದ ಕೆಲಸ. ಪಾಠ ಓದುವುದರಿಂದ ಮೂರ್ಛೆ ರೋಗ ಬರುವುದಿಲ್ಲ. ನಿದ್ದೆಗೆಡುವುದು, ಗುಳಿಗೆ ತಪ್ಪಿಸುವುದು, ಜ್ವರ, ಇವುಗಳಿಂದ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಬಿಡಿಸಬೇಕಾದದ್ದು ರಾತ್ರಿ ತಡವಾಗಿ ಟಿವಿ, ಮೊಬೈಲ್ ನೋಡುವುದನ್ನು. ಪುಸ್ತಕವನ್ನಲ್ಲ.

ಕೆಲವು ಮಕ್ಕಳಿಗೆ ಗುಳಿಗೆಯಿಂದ ತೂಕಡಿಕೆ ಬರುತ್ತದೆ, ಕೆಲವರು ಕಲಿಯುವುದರಲ್ಲಿ ಹಿಂದೆ ಬೀಳುತ್ತಾರೆ ಎಂಬುದು ನಿಜ. ಅಂಥವರಿಗೆ ಪಾಠವನ್ನು ಇನ್ನೊಮ್ಮೆ ಹೇಳಿಕೊಡಬೇಕು. ಹಿಂದೆ ಬಿದ್ದವರಿಗೆ ಶಾಲೆ ಹೆಚ್ಚು ಬೇಕು, ಕಡಿಮೆಯಲ್ಲ.

ಶಾಲೆಯಲ್ಲೇ ಫಿಟ್ಸ್ ಬಂದರೆ ಎಂಬ ಭಯ ಅಪ್ಪ ಅಮ್ಮಂದಿರಿಗೆ ಇರುವುದು ಸಹಜ. ಆದರೆ ಅವರು ಹೊಲಕ್ಕೆ, ಕೂಲಿಗೆ ಹೋದ ಮೇಲೆ ಮಗು ಮನೆಯಲ್ಲಿ ಒಂಟಿ. ಒಲೆಯೂ ಅಲ್ಲೇ, ಬಾವಿಯೂ ಅಲ್ಲೇ. ಶಾಲೆಯಲ್ಲಾದರೆ ಮೇಷ್ಟ್ರು, ಟೀಚರು, ನೀವು ಇಷ್ಟು ಜನ ಇರುತ್ತೀರಿ. ಏನು ಮಾಡಬೇಕೆಂದು ನಿಮಗೆ ಗೊತ್ತಿದ್ದರೆ ಮನೆಗಿಂತ ಶಾಲೆಯೇ ಸುರಕ್ಷಿತ.

ಇದು ಅಂಟುರೋಗವೂ ಅಲ್ಲ. ಮುಟ್ಟಿದರೆ, ಜೊತೆಗೆ ಊಟ ಮಾಡಿದರೆ ಬರುವುದಿಲ್ಲ. ಮೊದಲು ನಮ್ಮ ಮದುವೆಯ ಕಾನೂನಿನಲ್ಲೇ ಮೂರ್ಛೆ ರೋಗವನ್ನು ಒಂದು ಅಡ್ಡಿಯೆಂದು ಬರೆದಿದ್ದರು. 1999ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ ಆ ಮಾತನ್ನು ತೆಗೆದುಹಾಕಿತು. ಕಾನೂನು ತಿದ್ದಿಕೊಂಡಿದೆ. ನರಕೋಶಗಳೂ ತಿದ್ದಿಕೊಳ್ಳುತ್ತವೆ. ನಮ್ಮ ಊರಿನ ಮನಸ್ಸು ಮಾತ್ರ ಹಾಗೆಯೇ ಇರಬೇಕೆ?

ನೀವು ಮಾಡಬಹುದಾದದ್ದು

ಯಾರಿಗಾದರೂ ಫಿಟ್ಸ್ ಬಂದರೆ:

• ಹೆದರಿ ಓಡಬೇಡಿ. ದೊಡ್ಡವರನ್ನು ಕರೆಯಿರಿ.
• ಹತ್ತಿರದ ಕಲ್ಲು, ಬೆಂಚು, ಚೂಪಾದ ವಸ್ತುಗಳನ್ನು ದೂರ ಸರಿಸಿ. ತಲೆಯ ಕೆಳಗೆ ಮಡಿಸಿದ ಬಟ್ಟೆ ಅಥವಾ ಚೀಲ ಇಡಿ.
• ಕುತ್ತಿಗೆಯ ಗುಂಡಿ ಸಡಿಲಿಸಿ. ಜೊಲ್ಲು ಹೊರಬರುವಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ.
• ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ.
• ಕಬ್ಬಿಣ, ಈರುಳ್ಳಿ, ಚಪ್ಪಲಿ ಬೇಡ.
• ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಪೆಟ್ಟಾಗಿದ್ದರೆ, ನೀರಿನಲ್ಲಿ ಬಂದಿದ್ದರೆ ಅಥವಾ ಮೊದಲ ಸಲ ಬಂದದ್ದಾದರೆ 108ಕ್ಕೆ ಫೋನ್ ಮಾಡಿಸಿ.
• ಪೂರ್ತಿ ಎಚ್ಚರವಾಗುವವರೆಗೆ ಜೊತೆಯಲ್ಲೇ ಇರಿ. ನಗಬೇಡಿ, ಅಡ್ಡಹೆಸರು ಇಡಬೇಡಿ.

ಫಿಟ್ಸ್ ಬರುವ ಮಕ್ಕಳು ಒಂಟಿಯಾಗಿ ಕೆರೆ, ಬಾವಿಯಲ್ಲಿ ಈಜಬಾರದು, ಮರ ಹತ್ತಬಾರದು. ಒಂಟಿಯಾಗಿ ಬೆಂಕಿಯ ಹತ್ತಿರ ಇರಬಾರದು. ಉಳಿದಂತೆ ಆಟ, ಹಾಡು, ಪಾಠ ಎಲ್ಲವೂ ಅವರಿಗೂ ಸೇರಿದ್ದೇ.

ಇನ್ನೊಂದು ಕೆಲಸ ಎಲ್ಲರದ್ದು. ಹಂದಿಯಲ್ಲಿ ಬೆಳೆಯುವ ಲಾಡಿಹುಳುವಿನ ಮೊಟ್ಟೆಗಳು, ಆ ಹುಳುವಿರುವ ಮನುಷ್ಯರ ಮಲದ ಮೂಲಕ ಮಣ್ಣು, ನೀರು, ಸೊಪ್ಪು ಸೇರಿ ನಮ್ಮ ಹೊಟ್ಟೆಗೆ ಬಂದರೆ, ಮರಿಹುಳುಗಳು ಮಿದುಳಿನಲ್ಲಿ ಕೂತು ಮೂರ್ಛೆ ತರಬಹುದು. ಮಾಂಸ ತಿನ್ನದವರಿಗೂ ಇದು ಬರುತ್ತದೆ. ಶೌಚಾಲಯ ಬಳಸಿ. ಸೋಪಿನಿಂದ ಕೈ ತೊಳೆಯಿರಿ. ಹಸಿ ತರಕಾರಿಯನ್ನು ಚೆನ್ನಾಗಿ ತೊಳೆದು ತಿನ್ನಿ. ಇಷ್ಟರಿಂದ ತಡೆಯಬಹುದಾದ ಮೂರ್ಛೆ ಇದು.

ಮಕ್ಕಳೇ, ನಿಮ್ಮ ಊರಿನಲ್ಲಿ ಫಿಟ್ಸ್ ಬರುತ್ತದೆಂದು ಶಾಲೆ ಬಿಟ್ಟ ಗೆಳೆಯ ಅಥವಾ ಗೆಳತಿ ಇದ್ದರೆ, ನಿಮ್ಮ ಗುರುಗಳಿಗೆ ತಿಳಿಸಿ. ಅವರು ಮನೆಯವರೊಡನೆ ಮಾತನಾಡಲಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಲು ಹೇಳಲಿ. ನೀವು ಈ ಲೇಖನವನ್ನು ಮನೆಯಲ್ಲಿ ದೊಡ್ಡವರಿಗೆ ಓದಿ ಹೇಳಿ. ಗಾಳಿಯಲ್ಲ, ಶಾಪವಲ್ಲ, ಸೋಡಿಯಂ ಮತ್ತು ಕ್ಲೋರೈಡ್ ಎಂದು ವಿವರಿಸಿ. ಆ ಮಗು ಮತ್ತೆ ಬಂದು ನಿಮ್ಮ ಪಕ್ಕದಲ್ಲಿ ಕುಳಿತರೆ, ನೀವು ಕಲಿತ ವಿಜ್ಞಾನ ಒಂದು ಒಳ್ಳೆಯ ಕೆಲಸ ಮಾಡಿತು ಎಂದೇ ಲೆಕ್ಕ.